388 ‘ಬೇಕು’, ಒಂದೇ ಒಂದು ‘ಬೇಡ’

1941ರ ಡಿಸೆಂಬರ್ 8, ಸೋಮವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ 61 ವರ್ಷದ ಮಹಿಳೆಯೊಬ್ಬರು ಟೆಲಿಫೋನ್ ಬೂತ್ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಹೊರಗೆ ಪತ್ರಕರ್ತರು, ಕ್ಯಾಮೆರಾ ಹಿಡಿದವರು, ಸಿಟ್ಟಿನಿಂದ ಕುದಿಯುತ್ತಿದ್ದ ಜನ. ಆಕೆ ಅಲ್ಲಿಂದಲೇ ಭವನದ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು, ಗುಂಪಿನ ನಡುವೆ ದಾರಿ ಮಾಡಿ, ಆಕೆಯನ್ನು ಆಫೀಸಿನವರೆಗೆ ಬಿಟ್ಟುಬಂದರು.

ಆಕೆ ಕಳ್ಳತನ ಮಾಡಿರಲಿಲ್ಲ, ಲಂಚ ತಿಂದಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಸದನದಲ್ಲಿ ‘ಬೇಡ’ ಅಂತ ಒಂದು ಮತ ಹಾಕಿದ್ದರು, ಅಷ್ಟೇ. ಜಪಾನ್ ಮೇಲೆ ಯುದ್ಧ ಸಾರಬೇಕು ಅಂದವರು 388 ಮಂದಿ. ಬೇಡ ಅಂದವರು ಆಕೆ ಒಬ್ಬರೇ.

ಹೆಸರು ಜೆನೆಟ್ ರ‍್ಯಾಂಕಿನ್. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊಟ್ಟಮೊದಲ ಮಹಿಳೆ. ಅಲ್ಲಿಯ ಸಂಸತ್ತಿಗೆ ಕಾಂಗ್ರೆಸ್ ಅಂತ ಹೆಸರು (ನಮ್ಮ ಕಾಂಗ್ರೆಸ್ ಪಕ್ಷಕ್ಕೂ ಅದಕ್ಕೂ ಸಂಬಂಧ ಇಲ್ಲ). ಅದರಲ್ಲಿ ಎರಡು ಸದನ: ನಮ್ಮ ಲೋಕಸಭೆಯನ್ನು ಹೋಲುವ ಪ್ರತಿನಿಧಿ ಸಭೆ ಒಂದು, ಸೆನೆಟ್ ಇನ್ನೊಂದು. ಜೆನೆಟ್ ಪ್ರತಿನಿಧಿ ಸಭೆಯಲ್ಲಿ ಕೂತಿದ್ದು ಎರಡೇ ಅವಧಿ, ಅದೂ ಎರಡೆರಡು ವರ್ಷದ್ದು. 1917ರಿಂದ 1919, ಆಮೇಲೆ 1941ರಿಂದ 1943. ನಡುವೆ 22 ವರ್ಷದ ಗ್ಯಾಪ್. ವಿಚಿತ್ರ ಅಂದ್ರೆ ಆಕೆ ಇದ್ದ ಆ ಎರಡೂ ಅವಧಿಯಲ್ಲೇ ಅಮೆರಿಕ ಎರಡು ಮಹಾಯುದ್ಧಗಳಿಗೆ ಇಳಿಯಿತು. ಎರಡಕ್ಕೂ ‘ಬೇಡ’ ಅಂದ ಏಕೈಕ ಸದಸ್ಯೆ ಈಕೆ.

ಆನ್‌ಲೈನಲ್ಲಿ ಹುಡುಕಿದರೆ ಸಿಗುವುದು ಈ ಎರಡು ಮತಗಳ ಕಥೆ. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಎಲ್ಲರೂ ‘ಹೌದು’ ಅನ್ನುವಾಗ ‘ಇಲ್ಲ’ ಅಂದುಬಿಡುವುದು ಒಂದು ಕ್ಷಣದ ಕೆಲಸ. ಮರುದಿನ ಬೆಳಿಗ್ಗೆ ಎದ್ದು ಅದೇ ಜನರ ನಡುವೆ ಹೋಗಿ ಕೆಲಸ ಮಾಡಬೇಕಲ್ಲ, ಆಗ ಈಕೆ ಏನು ಮಾಡಿದರು?

ಹಳ್ಳಿಗಾಡಿನ ಹುಡುಗಿ

ಜೆನೆಟ್ ಹುಟ್ಟಿದ್ದು 1880ರ ಜೂನ್ 11ರಂದು, ಮೊಂಟಾನಾದ ಮಿಸೌಲಾ ಊರಿನ ಹತ್ತಿರ. ಆಗಿನ್ನೂ ಮೊಂಟಾನಾ ಪೂರ್ಣ ರಾಜ್ಯವಾಗಿರಲಿಲ್ಲ. ಬೆಟ್ಟ, ಗಣಿ, ದನದ ಹಟ್ಟಿಗಳ ಸೀಮೆ. ಅಪ್ಪ ಜಾನ್ ಕೆನಡಾದಿಂದ ವಲಸೆ ಬಂದು, ಮರಗೆಲಸದಿಂದ ಶುರುಮಾಡಿ, ಜಮೀನು, ಮರದ ವ್ಯಾಪಾರ ಅಂತ ಬೆಳೆದವರು. ಅಮ್ಮ ಆಲಿವ್ ಶಾಲಾ ಶಿಕ್ಷಕಿಯಾಗಿದ್ದವರು. ಮನೆಗೆ ಹಿರಿಮಗಳು ಜೆನೆಟ್. ಹಿರಿಮಗಳು ಅಂದ್ರೆ ಗೊತ್ತಲ್ಲ, ತಮ್ಮ ತಂಗಿಯರನ್ನು ನೋಡಿಕೊಳ್ಳೋದರಿಂದ ಹಿಡಿದು ಹೊಲದ ಕೆಲಸದವರೆಗೆ ಎಲ್ಲಕ್ಕೂ ಅವಳೇ. ಹೊಲದಲ್ಲಿ ಗಂಡಸರಷ್ಟೇ ದುಡಿಯುವ ಹೆಂಗಸರಿಗೆ ಮತ ಹಾಕುವ ಹಕ್ಕು ಮಾತ್ರ ಯಾಕಿಲ್ಲ ಅನ್ನುವ ಪ್ರಶ್ನೆ ಅವಳಿಗೆ ಹುಟ್ಟಿದ್ದು ಅಲ್ಲೇ.

1902ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದಿಂದ ಜೀವಶಾಸ್ತ್ರದಲ್ಲಿ ಪದವಿ ಬಂತು. ಮುಂದೇನು ಅಂತ ಗೊತ್ತಿರಲಿಲ್ಲ. ಸ್ವಲ್ಪ ದಿನ ಟೀಚರ್, ಸ್ವಲ್ಪ ದಿನ ಬಟ್ಟೆ ಹೊಲಿಯುವ ಕೆಲಸ. ಡಿಗ್ರಿ ಮುಗಿಸಿ ಆರು ವರ್ಷವಾದರೂ ಕರಿಯರ್ ಅಂತ ಒಂದು ಕೂಡಿಬರಲಿಲ್ಲ. ನಮ್ಮ ವಾರಿಗೆಯ ಎಷ್ಟೋ ಜನರ ಕಥೆಯೂ ಇದೇ ಅಲ್ವಾ?

ತಿರುವು ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ. ಅಲ್ಲಿ ಬಡವರು ವಾಸಿಸುವ ಬೀದಿಗಳನ್ನು, ಅವರ ನಡುವೆಯೇ ಉಳಿದು ಕೆಲಸ ಮಾಡುವ ಸಮಾಜಸೇವಾ ಕೇಂದ್ರವನ್ನು ನೋಡಿದರು. 1908ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಮಾಜಕಾರ್ಯದ ತರಬೇತಿ ಪಡೆದರು. ಪಶ್ಚಿಮಕ್ಕೆ ವಾಪಸ್ ಬಂದು ಸ್ಪೋಕೇನ್ ನಗರದಲ್ಲಿ ಅನಾಥ ಮಕ್ಕಳ ಜೊತೆ ಕೆಲಸ ಮಾಡಿದಾಗ ಒಂದು ವಿಷಯ ಅರ್ಥವಾಯ್ತು. ಒಂದೊಂದೇ ಮಗುವಿಗೆ ಸಹಾಯ ಮಾಡುತ್ತಾ ಕೂತರೆ ಸಮಸ್ಯೆ ಮುಗಿಯೋದಿಲ್ಲ, ಕಾನೂನೇ ಬದಲಾಗಬೇಕು. ಕಾನೂನು ಬದಲಾಗಬೇಕಾದರೆ ಹೆಂಗಸರಿಗೆ ಮತ ಬೇಕು.

1910ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಮಹಿಳಾ ಮತದಾನದ ಚಳವಳಿ ಗೆದ್ದಿತು. ಅದರಲ್ಲಿ ಪೋಸ್ಟರ್ ಹಚ್ಚುವುದರಿಂದ ಹಿಡಿದು ಎಲ್ಲ ಕೆಲಸ ಮಾಡಿದ್ದ ಜೆನೆಟ್, 1911ರ ಫೆಬ್ರವರಿಯಲ್ಲಿ ತವರು ಮೊಂಟಾನಾದ ಶಾಸನಸಭೆಯ ಮುಂದೆ ನಿಂತು ಮಾತನಾಡಿದರು. ಆಮೇಲೆ ಹಲವು ರಾಜ್ಯ ಸುತ್ತಿದರು. 1914ರ ನವೆಂಬರ್‌ನಲ್ಲಿ ಮೊಂಟಾನಾದ ಗಂಡಸರು ಹೆಂಗಸರಿಗೂ ಮತ ಕೊಡೋಣ ಅಂತ ಮತ ಹಾಕಿದರು. ಇಡೀ ದೇಶಕ್ಕೆ ಆ ಹಕ್ಕು ಬಂದಿದ್ದು 1920ರಲ್ಲಿ.

ನಡುವಿನ ಆ ಆರು ವರ್ಷದ ಸಂದಿಯಲ್ಲೇ, 1916ರಲ್ಲಿ, ಜೆನೆಟ್ ರಿಪಬ್ಲಿಕನ್ ಪಕ್ಷದಿಂದ ಚುನಾವಣೆಗೆ ನಿಂತರು. ದೇಶದ ಎಷ್ಟೋ ಹೆಂಗಸರಿಗೆ ಮತ ಹಾಕಲೂ ಅವಕಾಶ ಇಲ್ಲದ ಕಾಲದಲ್ಲಿ ಒಬ್ಬಾಕೆ ಸಂಸತ್ತಿಗೆ! ತಮ್ಮ ವೆಲ್ಲಿಂಗ್ಟನ್ ವಕೀಲ. ದುಡ್ಡು, ಮ್ಯಾನೇಜ್‌ಮೆಂಟ್ ಎರಡೂ ಅವನದ್ದು. ಅಕ್ಕನದ್ದು ತಿರುಗಾಟ. ರೈಲಿನಲ್ಲಿ ಊರೂರು ಸುತ್ತಿ ಬೀದಿ ಮೂಲೆಗಳಲ್ಲಿ ಭಾಷಣ ಮಾಡಿದರು. ಮತದಾನದ ದಿನ ಆಕೆಯ ಬೆಂಬಲಿಗ ಹೆಂಗಸರು ಮನೆಮನೆಗೆ ಫೋನ್ ಮಾಡಿ, ಜೆನೆಟ್‌ಗೆ ಮತ ಹಾಕಿದಿರಾ ಅಂತ ವಿಚಾರಿಸಿದರು. ಇವತ್ತಿನ ವಾಟ್ಸ್‌ಆ್ಯಪ್ ಪ್ರಚಾರದ ಅಜ್ಜಿ ಅನ್ನಿ. ಎಣಿಕೆ ನಿಧಾನವಾಗಿದ್ದರಿಂದ ಮೊದಲು ಸೋತರು ಅಂತಲೇ ಸುದ್ದಿ. ಕೊನೆಗೆ ನೋಡಿದರೆ ಗೆದ್ದಿದ್ದರು.

ಗೆದ್ದ ಮೇಲೆ ಪತ್ರಿಕೆಗಳಿಗೆ ಬೇಕಾಗಿದ್ದೇನು? ಕೂದಲ ಬಣ್ಣ ಯಾವುದು, ಎಂಥ ಡ್ರೆಸ್ ಹಾಕ್ತಾರೆ, ಅಡುಗೆ ಬರುತ್ತಾ. ಅಪರಿಚಿತರಿಂದ ಮದುವೆ ಪ್ರಸ್ತಾಪಗಳು ಬಂದವು. ಟೂತ್‌ಪೇಸ್ಟ್ ಕಂಪನಿಯೊಂದು ಆಕೆಯ ಹಲ್ಲಿನ ಫೋಟೊಗೆ ದುಡ್ಡು ಕೊಡ್ತೀವಿ ಅಂದಿತಂತೆ.

ನಾಲ್ಕೇ ದಿನದಲ್ಲಿ ಪರೀಕ್ಷೆ

1917ರ ಏಪ್ರಿಲ್ 2ರಂದು ಜೆನೆಟ್ ಸದನ ಪ್ರವೇಶಿಸಿದರು. ಸದಸ್ಯರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅದೇ ದಿನ ರಾತ್ರಿ ಅಧ್ಯಕ್ಷ ವುಡ್ರೊ ವಿಲ್ಸನ್ ಬಂದು ಜರ್ಮನಿಯ ಮೇಲೆ ಯುದ್ಧ ಘೋಷಿಸಬೇಕು ಅಂತ ಕೇಳಿದರು. ಹೊಸ ಕೆಲಸದ ಮೊದಲ ದಿನವೇ ಇಂಥ ಟಿಕೆಟ್ ತಲೆಗೆ ಬಿದ್ದರೆ ಹೇಗಿರುತ್ತೆ ಯೋಚಿಸಿ!

ಒತ್ತಡ ಎಲ್ಲ ಕಡೆಯಿಂದ. ‘ಹೌದು’ ಅನ್ನು, ಇಲ್ಲಾಂದ್ರೆ ನಿನ್ನ ರಾಜಕೀಯ ಮುಗೀತು ಅಂದ ತಮ್ಮ. ನೀವು ‘ಬೇಡ’ ಅಂದರೆ ಹೆಂಗಸರು ಭಾವುಕರು, ರಾಜ್ಯಭಾರಕ್ಕೆ ಲಾಯಕ್ಕಿಲ್ಲ ಅಂತ ಜನ ಆಡಿಕೊಳ್ತಾರೆ, ನಮ್ಮ ಮತದ ಹೋರಾಟಕ್ಕೇ ಪೆಟ್ಟು ಬೀಳುತ್ತೆ ಅಂದರು ಚಳವಳಿಯ ಕೆಲವು ಗೆಳತಿಯರು. ಇದು ಸಣ್ಣ ಮಾತಲ್ಲ. ಆಕೆ ತಪ್ಪಿದರೆ ಅದು ಆಕೆಯ ತಪ್ಪಾಗಿ ಉಳಿಯುತ್ತಿರಲಿಲ್ಲ, ಇಡೀ ಹೆಣ್ಣುಕುಲದ ಲೆಕ್ಕಕ್ಕೆ ಬೀಳುತ್ತಿತ್ತು. ಟೀಮಿನಲ್ಲಿ ಒಬ್ಬಳೇ ಹುಡುಗಿ ಇರುವ ಕಡೆ ಕೆಲಸ ಮಾಡಿದವರಿಗೆ ಈ ಭಾರ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಏಪ್ರಿಲ್ 6ರ ನಸುಕು, ಸುಮಾರು ಮೂರು ಗಂಟೆ. ಒಬ್ಬೊಬ್ಬರದೇ ಹೆಸರು ಕೂಗುತ್ತಾ ಮತ ಎಣಿಸುತ್ತಿದ್ದರು. ಜೆನೆಟ್ ಹೆಸರು ಬಂದಾಗ ಮೌನ. ಎರಡನೇ ಸುತ್ತಿನಲ್ಲಿ ಮತ್ತೆ ಕೂಗಿದರು. ಆಕೆ ಎದ್ದು ನಿಂತು, ನನ್ನ ದೇಶದ ಜೊತೆ ನಿಲ್ಲಬೇಕು ಅನ್ನುವ ಆಸೆ ನನಗಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಅಂದರು. ಮತ ಎಣಿಸುವಾಗ ವಿವರಣೆ ಕೊಡುವ ಪದ್ಧತಿ ಆ ಸದನದಲ್ಲಿ ಇರಲಿಲ್ಲ. ಆಕೆ ಅದನ್ನೂ ಮುರಿದಿದ್ದರು.

ಫಲಿತಾಂಶ: ಪರ 373, ವಿರುದ್ಧ 50. ಅಂದರೆ ಆಕೆಯ ಜೊತೆ ಇನ್ನೂ 49 ಗಂಡಸರಿದ್ದರು, ಅವರಲ್ಲಿ ಆಳುವ ಪಕ್ಷದ ಸದನ ನಾಯಕ ಕ್ಲಾಡ್ ಕಿಚಿನ್ ಕೂಡ ಒಬ್ಬರು. ಆದರೆ ಮರುದಿನದ ಪತ್ರಿಕೆಗಳಲ್ಲಿ ಮಿಂಚಿದ್ದು ‘ಅತ್ತ ಮಹಿಳೆ’ಯ ಸುದ್ದಿ. ಆಕೆ ನಿಜಕ್ಕೂ ಅತ್ತರಾ ಅಂತ ಇನ್ನೊಬ್ಬ ಹೊಸ ಸದಸ್ಯ ಫಿಯೊರೆಲ್ಲೊ ಲಾ ಗಾರ್ಡಿಯಾ ಅವರನ್ನು ಯಾರೋ ಕೇಳಿದರು. ಗೊತ್ತಿಲ್ಲ, ನನ್ನ ಕಣ್ಣಲ್ಲೇ ನೀರು ತುಂಬಿತ್ತು, ಕಾಣಿಸಲಿಲ್ಲ ಅಂದರು ಅವರು. ಲಾ ಗಾರ್ಡಿಯಾ ಯುದ್ಧದ ಪರ ಮತ ಹಾಕಿದವರು. ಮುಂದೆ ನ್ಯೂಯಾರ್ಕಿನ ಮೇಯರ್ ಆದರು. ಅಲ್ಲಿನ ಒಂದು ವಿಮಾನ ನಿಲ್ದಾಣಕ್ಕೆ ಅವರದೇ ಹೆಸರಿದೆ.

‘ಬೇಡ’ ಅಂದ ಮರುದಿನ

ಇಲ್ಲಿಂದ ಮುಂದಿನದು ನನಗೆ ಮುಖ್ಯ. ಸೋತ ಮೇಲೆ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂರುವುದು ಸುಲಭ. ‘ನಾನು ಆವತ್ತೇ ಹೇಳಿದ್ದೆ’ ಅಂತ ಕಾಯುತ್ತಾ ಇರುವುದು ಇನ್ನೂ ಸುಲಭ. ಜೆನೆಟ್ ಎರಡನ್ನೂ ಮಾಡಲಿಲ್ಲ. ಯುದ್ಧ ಬಂದಾಗಿದೆ, ಈಗ ಅದರಿಂದ ಯಾರಿಗೆ ಏಟು ಬೀಳುತ್ತಿದೆ ಅಂತ ನೋಡಲು ಹೊರಟರು.

ಕರೆನ್ಸಿ ನೋಟು, ಸರ್ಕಾರಿ ಬಾಂಡ್ ಮುದ್ರಿಸುವ ದೊಡ್ಡ ಮುದ್ರಣಾಲಯ ವಾಷಿಂಗ್ಟನ್‌ನಲ್ಲಿತ್ತು. ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರು ಸಾವಿರಾರು. ಯುದ್ಧದ ಖರ್ಚಿಗೆ ಬಾಂಡ್ ಅಚ್ಚಾಗಬೇಕು ಅನ್ನೋ ನೆಪದಲ್ಲಿ ದಿನಕ್ಕೆ ಎಂಟು ಗಂಟೆ ಅನ್ನುವ ನಿಯಮವನ್ನು ಗಾಳಿಗೆ ತೂರಿದ್ದರು. ದಿನಕ್ಕೆ ಹನ್ನೆರಡು ಗಂಟೆ, ಅದಕ್ಕೂ ಹೆಚ್ಚು ದುಡಿತ. ಕೆಲವರು ಜೆನೆಟ್ ಹತ್ತಿರ ಬಂದು ಕಷ್ಟ ಹೇಳಿಕೊಂಡರು. ಆಕೆ ಆವೇಶದ ಭಾಷಣ ಮಾಡಲಿಲ್ಲ. ತನಿಖೆಗೆ ಒಬ್ಬರನ್ನು ನೇಮಿಸಿ, ಕೆಲಸಗಾರರ ಹೇಳಿಕೆಗಳನ್ನು ಬರೆಸಿಕೊಂಡು, ಆ ದಾಖಲೆ ಹಿಡಿದು ಹೋದರು. ಸರಿಪಡಿಸದಿದ್ದರೆ ಸಂಸತ್ತಿನ ತನಿಖೆ ಕೇಳ್ತೀನಿ ಅಂದರು. ಹಣಕಾಸು ಇಲಾಖೆ ಎಂಟು ಗಂಟೆಯ ನಿಯಮವನ್ನು ಮತ್ತೆ ಜಾರಿಗೆ ತಂದಿತು. ಡೇಟಾ ಇಟ್ಟುಕೊಂಡು ಮಾತಾಡು ಅಂತ ನಮಗೆ ಹೇಳ್ತಾರಲ್ಲ, ಅದನ್ನು ಈಕೆ 1917ರಲ್ಲೇ ಮಾಡಿದ್ದರು.

ಎರಡನೆಯದು ಮತದ ಹಕ್ಕು. ಆಕೆಯ ‘ಬೇಡ’ದಿಂದ ಚಳವಳಿಗೆ ಪೆಟ್ಟು ಬೀಳುತ್ತೆ ಅಂದಿದ್ದರಲ್ಲ? ಸದನದಲ್ಲಿ ಮಹಿಳಾ ಮತದಾನಕ್ಕೇ ಒಂದು ಸಮಿತಿ ಬೇಕು ಅಂತ ಪಟ್ಟುಹಿಡಿದು, ಅದರ ಸದಸ್ಯೆಯಾಗಿ, 1918ರ ಜನವರಿ 10ರಂದು ಸಂವಿಧಾನ ತಿದ್ದುಪಡಿಯ ಚರ್ಚೆಯನ್ನು ಆಕೆಯೇ ಆರಂಭಿಸಿದರು. ವಾದ ನೇರವಾಗಿತ್ತು: ಪ್ರಜಾಪ್ರಭುತ್ವವನ್ನು ಕಾಪಾಡಲು ಯುದ್ಧ ಮಾಡ್ತಿದ್ದೀವಿ ಅಂತ ಜಗತ್ತಿಗೆ ಹೇಳುವ ದೇಶ, ತನ್ನದೇ ಹೆಂಗಸರಿಗೆ ಆ ಪ್ರಜಾಪ್ರಭುತ್ವ ಕೊಡದೆ ಇರುವುದು ಹೇಗೆ? ತಾನು ವಿರೋಧಿಸಿದ ಯುದ್ಧದ ಮಾತನ್ನೇ ತಿರುಗಿಸಿ ಹೆಂಗಸರ ಪರ ಬಳಸಿದರು. ಆ ದಿನ ಬಿದ್ದ ಮತ 274–136. ಬೇಕಾಗಿದ್ದ ಮೂರನೇ ಎರಡರಷ್ಟು ಬಹುಮತ ಕೂದಲೆಳೆಯಲ್ಲಿ ಸಿಕ್ಕಿತು. ಸೆನೆಟ್‌ನಲ್ಲಿ ಅದು ಬಿದ್ದುಹೋಯಿತು ನಿಜ. ಮರುವರ್ಷ ಮತ್ತೆ ತಂದಾಗ ಎರಡೂ ಸದನ ದಾಟಿ, 1920ರಲ್ಲಿ ಜಾರಿಗೆ ಬಂತು. ಬಾಣಂತಿ ಮತ್ತು ಎಳೆಗೂಸುಗಳ ಆರೋಗ್ಯಕ್ಕೆ ಕೇಂದ್ರ ಸರ್ಕಾರ ದುಡ್ಡು ಕೊಡಬೇಕು ಅಂತ ಆಕೆ ತಂದ ಮಸೂದೆಯ ಆಶಯವೂ 1921ರಲ್ಲಿ ಕಾನೂನಾಯಿತು. ಅಷ್ಟೊತ್ತಿಗೆ ಆಕೆ ಸದನದಲ್ಲಿ ಇರಲಿಲ್ಲ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಚಿತ್ರ ಪೂರ್ತಿಯಾಗಲ್ಲ. 1917ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ-ಹಂಗೇರಿ ಮೇಲೆ ಯುದ್ಧ ಘೋಷಿಸುವ ಪ್ರಶ್ನೆ ಬಂದಾಗ ಜೆನೆಟ್ ‘ಹೌದು’ ಅಂದರು. ಈಗಾಗಲೇ ನಡೆಯುತ್ತಿರುವ ಯುದ್ಧದ ಒಂದು ತಾಂತ್ರಿಕ ಹೆಜ್ಜೆ ಇದು, ಹೊಸ ಯುದ್ಧವಾಗಿದ್ದರೆ ವಿರೋಧಿಸುತ್ತಿದ್ದೆ ಅನ್ನೋದು ಆಕೆಯ ಸಮರ್ಥನೆ. ಆ ದಿನ ವಿರುದ್ಧ ಬಿದ್ದಿದ್ದು ಒಂದೇ ಮತ, ಅದು ನ್ಯೂಯಾರ್ಕಿನ ಸಮಾಜವಾದಿ ಮೇಯರ್ ಲಂಡನ್ ಅವರದು. ಅಂದರೆ ಜೆನೆಟ್ ಮೊದಲಿನಿಂದಲೂ ಕಲ್ಲಿನಂತೆ ಅಲುಗಾಡದೆ ನಿಂತವರೇನಲ್ಲ. ಆಕೆಯೂ ಅಳೆದು ತೂಗಿ, ಎಲ್ಲಿ ನಿಲ್ಲಬೇಕು ಎಲ್ಲಿ ಬಿಡಬೇಕು ಅಂತ ನೋಡಿದವರೇ.

ತಾಮ್ರದ ಕಂಪನಿಯ ಎದುರು

ಸಾಮಾನ್ಯವಾಗಿ ಜನ ಹೇಳೋದು, ಯುದ್ಧ ವಿರೋಧಿಸಿದ್ದಕ್ಕೇ ಆಕೆ ಸೀಟು ಕಳೆದುಕೊಂಡರು ಅಂತ. ಕಥೆ ಅಷ್ಟು ಸರಳ ಇಲ್ಲ.

1917ರ ಜೂನ್ 8ರ ರಾತ್ರಿ ಮೊಂಟಾನಾದ ಬ್ಯೂಟ್ ಊರಿನ ತಾಮ್ರದ ಗಣಿಯಲ್ಲಿ ಬೆಂಕಿ ಬಿತ್ತು. ಸತ್ತವರು 168 ಮಂದಿ. ಸುರಂಗಗಳ ನಡುವಿನ ಕಾಂಕ್ರೀಟ್ ತಡೆಗೋಡೆಗಳಲ್ಲಿ ಇರಬೇಕಾಗಿದ್ದ ಬಾಗಿಲುಗಳೇ ಇರಲಿಲ್ಲ. ಗೋಡೆಯ ಬುಡದಲ್ಲೇ ಎಷ್ಟೋ ಹೆಣ ಸಿಕ್ಕವು. ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅವರ ಇನ್ನೊಂದು ಬೇಡಿಕೆ, ಗಣಿ ಕಂಪನಿಗಳು ಕೊಡುವ ಒಂದು ಕಾರ್ಡ್ ರದ್ದಾಗಬೇಕು ಅನ್ನೋದು. ಆ ಕಾರ್ಡ್ ಇಲ್ಲದೆ ಯಾರಿಗೂ ಕೆಲಸ ಸಿಗುತ್ತಿರಲಿಲ್ಲ. ಸಂಘಟನೆಯವರು ಅಂತ ಗೊತ್ತಾದರೆ ಕಾರ್ಡ್ ಕಟ್. ಮುಷ್ಕರದ ನಡುವೆ, ಆಗಸ್ಟ್ 1ರಂದು, ಕಾರ್ಮಿಕ ಮುಖಂಡ ಫ್ರಾಂಕ್ ಲಿಟಲ್ ಅವರನ್ನು ಮುಸುಕುಧಾರಿಗಳು ರೂಮಿನಿಂದ ಎಳೆದೊಯ್ದು ರೈಲ್ವೆ ಸೇತುವೆಗೆ ನೇಣು ಹಾಕಿದರು.

ಮೊಂಟಾನಾದಲ್ಲಿ ಅನಕೊಂಡಾ ತಾಮ್ರ ಕಂಪನಿಯ ಮಾತೇ ನಡೆಯುತ್ತಿದ್ದ ಕಾಲ. ಹಲವು ಪತ್ರಿಕೆಗಳು ಕೂಡ ಅದರ ಹಿಡಿತದಲ್ಲಿದ್ದವು. ಇಂಥ ಹೊತ್ತಿನಲ್ಲಿ ಜೆನೆಟ್ ಬ್ಯೂಟ್‌ಗೆ ಹೋಗಿ ಸಾವಿರಾರು ಕಾರ್ಮಿಕರ ಮುಂದೆ ಮಾತನಾಡಿದರು. ಸರ್ಕಾರವೇ ಗಣಿಗಳನ್ನು ವಹಿಸಿಕೊಳ್ಳಲಿ ಅಂತ ಸದನದಲ್ಲಿ ನಿರ್ಣಯ ಮಂಡಿಸಿದರು. ಕಂಪನಿ ತನ್ನನ್ನು ಸುಮ್ಮನೆ ಬಿಡೋದಿಲ್ಲ ಅಂತ ಆಕೆಗೆ ಗೊತ್ತಿತ್ತು.

ಆಕೆ ಗೆದ್ದಾಗ ಇಡೀ ಮೊಂಟಾನಾ ಒಂದೇ ಕ್ಷೇತ್ರವಾಗಿ ಇಬ್ಬರನ್ನು ಆರಿಸುತ್ತಿತ್ತು. ಈಗ ರಾಜ್ಯದ ಶಾಸನಸಭೆ ಅದನ್ನು ಪೂರ್ವ, ಪಶ್ಚಿಮ ಅಂತ ಎರಡು ಕ್ಷೇತ್ರ ಮಾಡಿತು. ಜೆನೆಟ್ ಮನೆ ಬಿದ್ದಿದ್ದು ಎದುರು ಪಕ್ಷಕ್ಕೆ ಬಲ ಇದ್ದ ಪಶ್ಚಿಮ ಭಾಗಕ್ಕೆ. ಅಲ್ಲಿ ನಿಂತರೆ ಗೆಲ್ಲೋದು ಕಷ್ಟ ಅಂತ 1918ರಲ್ಲಿ ಸೆನೆಟ್‌ಗೆ ಪ್ರಯತ್ನಿಸಿದರು. ಪಕ್ಷದ ಟಿಕೆಟ್ ಸ್ವಲ್ಪದರಲ್ಲೇ ತಪ್ಪಿತು. ಬೇರೆ ಪಕ್ಷದಿಂದ ನಿಂತು ಸೋತರು. ಅಲ್ಲಿಗೆ ಮೊದಲ ಇನಿಂಗ್ಸ್ ಮುಗಿಯಿತು.

22 ವರ್ಷದ ಗ್ಯಾಪ್

ಆಗ ವಯಸ್ಸು 38. ಕೈಯಲ್ಲಿ ಹುದ್ದೆ ಇಲ್ಲ. 1919ರಲ್ಲಿ ಜ್ಯೂರಿಚ್‌ನಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಶಾಂತಿ ಸಮ್ಮೇಳನಕ್ಕೆ ಹೋದರು. ಯುದ್ಧದಲ್ಲಿ ಗೆದ್ದ ಮತ್ತು ಸೋತ ದೇಶಗಳ ಹೆಂಗಸರು ಒಂದೇ ಕಡೆ ಕೂತಿದ್ದರು. ವಾಪಸ್ ಬಂದು ಕೆಲಸಗಾರ ಹೆಂಗಸರು, ಮಕ್ಕಳ ಪರವಾದ ಕಾನೂನುಗಳಿಗಾಗಿ ಓಡಾಡಿದರು. 1924ರಲ್ಲಿ ದಕ್ಷಿಣದ ಜಾರ್ಜಿಯಾದಲ್ಲಿ ಒಂದು ಚೂರು ಜಮೀನು ಕೊಂಡು ಕರೆಂಟು, ನಲ್ಲಿ ಇಲ್ಲದ ಪುಟ್ಟ ಮನೆಯಲ್ಲಿ ಉಳಿದರು. ಊರ ಮಕ್ಕಳನ್ನು ಸೇರಿಸಿ ಕ್ಲಬ್ ಮಾಡಿದರು, ಜಾರ್ಜಿಯಾ ಶಾಂತಿ ಸಂಘ ಕಟ್ಟಿದರು. 1929ರಿಂದ ಹತ್ತು ವರ್ಷ ಯುದ್ಧ ತಡೆಯುವ ಒಂದು ರಾಷ್ಟ್ರೀಯ ಸಂಸ್ಥೆಯ ಪರವಾಗಿ ವಾಷಿಂಗ್ಟನ್‌ನಲ್ಲಿ ಸಂಸದರ ಬಾಗಿಲು ತಟ್ಟುತ್ತಾ ಬಂದರು. ಒಂದು ಕಾಲದಲ್ಲಿ ತಾನೇ ಸದಸ್ಯೆಯಾಗಿದ್ದ ಕಟ್ಟಡದ ಕಾರಿಡಾರಿನಲ್ಲಿ ಅಪಾಯಿಂಟ್‌ಮೆಂಟಿಗೆ ಕಾಯುವ ಕೆಲಸ ಅದು.

ಈ ನಡುವೆ ದೇಶದ ಮನಸ್ಸೂ ಬದಲಾಗಿತ್ತು. ಮೊದಲ ಮಹಾಯುದ್ಧದಲ್ಲಿ ಸುಮಾರು 1,16,000 ಅಮೆರಿಕನ್ ಸೈನಿಕರು ಸತ್ತಿದ್ದರು. ಆ ಯುದ್ಧಕ್ಕೆ ಇಳಿದಿದ್ದೇ ತಪ್ಪು ಅಂತ 1937ರ ಹೊತ್ತಿಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಬಹುಪಾಲು ಜನ ಹೇಳುತ್ತಿದ್ದರು. 1940ರಲ್ಲಿ ಜೆನೆಟ್ ಮೊಂಟಾನಾಗೆ ಮರಳಿ ಮತ್ತೆ ಚುನಾವಣೆಗೆ ನಿಂತರು. ಹೈಸ್ಕೂಲುಗಳಿಗೆ ಹೋಗಿ ಹುಡುಗ ಹುಡುಗಿಯರ ಜೊತೆ ಯುದ್ಧದ ಬಗ್ಗೆ ಮಾತಾಡಿದರು. ನಮ್ಮ ಹುಡುಗರನ್ನು ಪರದೇಶದ ಯುದ್ಧಕ್ಕೆ ಕಳಿಸಲ್ಲ ಅನ್ನುವ ಮಾತಿನ ಮೇಲೆ, 60ನೇ ವಯಸ್ಸಿನಲ್ಲಿ ಗೆದ್ದರು.

ಈ ಸಲ ಒಬ್ಬರೇ

1941ರ ಡಿಸೆಂಬರ್ 7, ಭಾನುವಾರ. ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಸುರಿದವು. ಸುಮಾರು 2,400 ಅಮೆರಿಕನ್ನರು ಸತ್ತರು. ಭಾಷಣಕ್ಕೆ ಅಂತ ಡೆಟ್ರಾಯಿಟ್ ರೈಲು ಹತ್ತಿದ್ದ ಜೆನೆಟ್, ದಾರಿಯಲ್ಲೇ ಇಳಿದು ವಾಷಿಂಗ್ಟನ್‌ಗೆ ವಾಪಸಾದರು.

ಸೋಮವಾರ ಅಧ್ಯಕ್ಷ ರೂಸ್‌ವೆಲ್ಟ್ ಮಾತಾಡಿದ ಮೇಲೆ ಒಂದು ಗಂಟೆಯೊಳಗೇ ಎಲ್ಲ ಮುಗಿಯಿತು. ಸೆನೆಟ್‌ನಲ್ಲಿ 82–0. ಪ್ರತಿನಿಧಿ ಸಭೆಯಲ್ಲಿ ಜೆನೆಟ್ ಮಾತನಾಡಲು ಮತ್ತೆ ಮತ್ತೆ ಎದ್ದರು, ಸ್ಪೀಕರ್ ಸ್ಯಾಮ್ ರೇಬರ್ನ್ ಅವಕಾಶ ಕೊಡಲಿಲ್ಲ. ಸಹ ಸದಸ್ಯರು ಪಕ್ಕಕ್ಕೆ ಬಂದು, ‘ಹೌದು’ ಅಂತ ಹೇಳಿ, ಅದಾಗದಿದ್ದರೆ ಮತವನ್ನೇ ಹಾಕಬೇಡಿ ಅಂತ ಕೇಳಿಕೊಂಡರು. ಹೆಸರು ಕೂಗಿದಾಗ ಆಕೆ ಹೇಳಿದ ಮಾತು: ಹೆಂಗಸಾಗಿ ನಾನು ಯುದ್ಧಕ್ಕೆ ಹೋಗುವ ಹಾಗಿಲ್ಲ, ಬೇರೆ ಯಾರನ್ನೂ ಕಳಿಸಲು ಒಪ್ಪುವುದಿಲ್ಲ. ಸದನದಲ್ಲಿ ಛೀಮಾರಿ. ಆಮೇಲೆ ನಡೆದದ್ದೇ ಆ ಟೆಲಿಫೋನ್ ಬೂತ್ ಪ್ರಸಂಗ.

ಇಡೀ ಮೊಂಟಾನಾ ನಿನ್ನ ವಿರುದ್ಧ ಇದೆ ಅಂತ ತಮ್ಮ ವೆಲ್ಲಿಂಗ್ಟನ್ ತಿಳಿಸಿದ. ಮೂರು ದಿನದ ನಂತರ ಜರ್ಮನಿ, ಇಟಲಿ ಮೇಲಿನ ಯುದ್ಧದ ಮತ ಬಂದಾಗ ಜೆನೆಟ್ ಪರವೂ ಅನ್ನಲಿಲ್ಲ, ವಿರುದ್ಧವೂ ಅನ್ನಲಿಲ್ಲ. ಹಾಜರಿದ್ದೇನೆ ಅಂತಷ್ಟೇ ದಾಖಲಿಸಿದರು. 1942ರಲ್ಲಿ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಹಾಗಾದರೆ ಆ ಮತ ಸರಿಯಾ?

ಇದನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. 1917ರ ಮತಕ್ಕೆ ಇವತ್ತು ಬೆಂಬಲಿಗರು ಸುಲಭವಾಗಿ ಸಿಗ್ತಾರೆ. 1941ರದ್ದು ಹಾಗಲ್ಲ. ಎದುರಿಗಿದ್ದದ್ದು ಹಿಟ್ಲರ್, ಯಾತನಾ ಶಿಬಿರಗಳು, ಚೀನಾದಲ್ಲಿ ಜಪಾನೀ ಸೇನೆ ನಡೆಸಿದ ಹತ್ಯಾಕಾಂಡ. ಅದೂ ಅಲ್ಲದೆ ಮೊದಲು ಏಟು ಕೊಟ್ಟದ್ದು ಜಪಾನ್. ಆ ದಿನ ಆ ಸದನದಲ್ಲಿ ನಾನಿದ್ದಿದ್ದರೆ ಜೆನೆಟ್ ಜೊತೆ ಮತ ಹಾಕುತ್ತಿರಲಿಲ್ಲ. ಮರುವರ್ಷ ಆಕೆ ಸದನದ ದಾಖಲೆಗೆ ಸೇರಿಸಿದ ಹೇಳಿಕೆಯಲ್ಲಿ, ರೂಸ್‌ವೆಲ್ಟ್ ಬೇಕಂತಲೇ ಜಪಾನನ್ನು ಕೆಣಕಿದರಾ ಅಂತ ಪ್ರಶ್ನೆ ಎತ್ತಿದ್ದೂ ನನಗೆ ಒಪ್ಪಿಗೆಯಾಗಲಿಲ್ಲ.

ಆದರೂ ಆ ಮತಕ್ಕೆ ಬೆಲೆ ಇದೆ ಅನ್ನಿಸೋದು ಯಾಕೆ? ಆಕೆಯ ನಿಲುವನ್ನು ಒಪ್ಪದ ಕ್ಯಾನ್ಸಸ್‌ನ ಹೆಸರಾಂತ ಸಂಪಾದಕ ವಿಲಿಯಂ ಅಲೆನ್ ವೈಟ್ ಆಗಲೇ ಇದನ್ನು ಬರೆದಿದ್ದರು: ಆಕೆಯ ನಿರ್ಧಾರ ನಮಗೆ ಪೂರ್ತಿ ಅಸಮ್ಮತ, ಆದರೆ ಅದು ಎದೆಗಾರಿಕೆಯ ಕೆಲಸ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಆಕೆ ಯಾರಿಗೂ ಮೋಸ ಮಾಡಲಿಲ್ಲ. ಯುದ್ಧಕ್ಕೆ ಮತ ಹಾಕಲ್ಲ ಅಂತ ಹೇಳಿಯೇ ಗೆದ್ದು ಬಂದವರು. ಗಾಳಿ ತಿರುಗಿದಾಗ ಮಾತು ತಿರುಗಿಸಬಹುದಿತ್ತು, ಗೈರುಹಾಜರಾಗಬಹುದಿತ್ತು. ಎರಡಕ್ಕೂ ಜನ ಸಿದ್ಧವಾಗಿ ನೆಪ ಒದಗಿಸುತ್ತಿದ್ದರು. ಆಕೆ ತೆಗೆದುಕೊಳ್ಳಲಿಲ್ಲ, ಬೆಲೆಯನ್ನು ತಾನೇ ತೆತ್ತರು.

ನಮ್ಮ ಆಫೀಸಿನ ಮೀಟಿಂಗ್‌ಗಳಲ್ಲಿ ದೇಶದ ಹಣೆಬರಹ ಇರೋದಿಲ್ಲ ನಿಜ. ಆದರೂ ಡೆಡ್‌ಲೈನ್ ಅಸಾಧ್ಯ ಅಂತ ಹನ್ನೆರಡೂ ಜನಕ್ಕೆ ಗೊತ್ತಿದ್ದು, ಮ್ಯಾನೇಜರ್ ‘ಎಲ್ಲರೂ ಓಕೆನಾ?’ ಅಂದಾಗ ಹನ್ನೆರಡೂ ತಲೆ ಅಲ್ಲಾಡುವುದನ್ನು ನೋಡಿದ್ದೇವೆ. ಆಮೇಲೆ ಟೀ ಕುಡಿಯುವಾಗ ಬೈಗುಳ. ಜೆನೆಟ್‌ರಿಂದ ಕಲಿಯೋದು ಏನಾದರೂ ಇದ್ದರೆ ಎರಡು ಸಣ್ಣ ವಿಷಯ. ಹೇಳೋದನ್ನು ಟೀ ಅಂಗಡಿಯಲ್ಲಲ್ಲ, ಹೇಳಬೇಕಾದ ಜಾಗದಲ್ಲೇ ಹೇಳೋದು. ಹೇಳಿದ ಮೇಲೆ, ನಿರ್ಧಾರ ನಮ್ಮ ವಿರುದ್ಧ ಹೋದರೂ, ಅದರಿಂದ ತೊಂದರೆ ಆಗುವವರ ಪಕ್ಕಕ್ಕೆ ಹೋಗಿ ಕೆಲಸ ಮಾಡೋದು. ಎರಡನೆಯದನ್ನು ಜನ ಮರೆತುಬಿಡ್ತಾರೆ.

ಭಾರತಕ್ಕೆ ಏಳು ಸಲ

ಎರಡನೇ ಸಲ ಸದನದಿಂದ ಹೊರಬಿದ್ದ ಮೇಲೆ ಆಕೆ ಬಂದದ್ದು ನಮ್ಮ ದೇಶಕ್ಕೆ. ಯುದ್ಧ ಬೇಡ ಅಂದರೆ, ಹಾಗಾದರೆ ಏನು ಬೇಕು, ಅನ್ಯಾಯ ಎದುರಿಸೋದು ಹೇಗೆ ಅಂತ ಜನ ಕೇಳೇ ಕೇಳ್ತಾರೆ. ಅದಕ್ಕೆ ಗಾಂಧೀಜಿಯ ಸತ್ಯಾಗ್ರಹದಲ್ಲಿ ಉತ್ತರ ಇರಬಹುದು ಅಂತ ಆಕೆಗೆ ಅನ್ನಿಸಿತ್ತು. 1946ರಲ್ಲಿ, 66ನೇ ವಯಸ್ಸಿನಲ್ಲಿ, ಮೊದಲ ಸಲ ಬಂದರು. ನೆಹರೂ ಅವರನ್ನು ಕಂಡರು. ಗಾಂಧೀಜಿಯನ್ನು ಭೇಟಿಯಾಗುವ ಆಸೆ ಮಾತ್ರ ಕೈಗೂಡಲಿಲ್ಲ. ಮುಂದಿನ ವರ್ಷಗಳಲ್ಲಿ ಒಟ್ಟು ಏಳು ಸಲ ಭಾರತಕ್ಕೆ ಬಂದುಹೋದರು. ಒಬ್ಬ ಮಾಜಿ ಸಂಸದೆ ಅಧಿಕಾರದಲ್ಲಿ ಇದ್ದಾಗ ಕೇಳಿದ ಪ್ರಶ್ನೆಯ ಉತ್ತರ ಹುಡುಕುತ್ತಾ ವಯಸ್ಸಾದ ಮೇಲೂ ವಿದ್ಯಾರ್ಥಿಯಂತೆ ಓಡಾಡಿದ್ದು ನನಗೆ ಬಹಳ ಇಷ್ಟವಾಯ್ತು.

1968ರ ಜನವರಿ 15. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ವಾಷಿಂಗ್ಟನ್‌ನ ಚಳಿಯಲ್ಲಿ ಕಪ್ಪು ಬಟ್ಟೆ ಉಟ್ಟ ಸುಮಾರು 5,000 ಹೆಂಗಸರು ಸಂಸತ್ ಭವನದ ಕಡೆ ನಡೆದರು. ಮುಂದೆ ಇದ್ದವರು 87 ವರ್ಷದ ಜೆನೆಟ್. ಜೊತೆಗೆ ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟ್ಟಾ. ಆ ಗುಂಪಿಗೆ ಇಟ್ಟಿದ್ದ ಹೆಸರೇ ‘ಜೆನೆಟ್ ರ‍್ಯಾಂಕಿನ್ ಬ್ರಿಗೇಡ್’.

1973ರ ಮೇ 18ರಂದು, 92ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಜಾರ್ಜಿಯಾದ ಆಸ್ತಿಯ ದುಡ್ಡಿನಿಂದ ಒಂದು ನಿಧಿ ಹುಟ್ಟಿಕೊಂಡಿತು. ಸಂಸಾರ, ಬಡತನ ಅಂತ ಓದು ಅರ್ಧಕ್ಕೆ ಬಿಟ್ಟು, 35 ದಾಟಿದ ಮೇಲೆ ಮತ್ತೆ ಕಾಲೇಜಿಗೆ ಸೇರುವ ಹೆಂಗಸರಿಗೆ ಅದು ಇವತ್ತಿಗೂ ಸ್ಕಾಲರ್‌ಶಿಪ್ ಕೊಡುತ್ತಿದೆ.

2001ರ ಸೆಪ್ಟೆಂಬರ್ 14ರಂದು, ಅವಳಿ ಗೋಪುರಗಳು ಉರುಳಿದ ಮೂರನೇ ದಿನ, ಸೇನಾ ಕ್ರಮಕ್ಕೆ ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಅದೇ ಸದನದ ಮುಂದೆ ಬಂತು. ಪರ 420, ವಿರುದ್ಧ 1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಅಷ್ಟೊತ್ತಿಗೆ ಸಂಸತ್ ಭವನದ ಒಳಗೆ ಜೆನೆಟ್ ಅವರ ಕಂಚಿನ ಪ್ರತಿಮೆ ನಿಂತು 16 ವರ್ಷವಾಗಿತ್ತು. 1985ರಲ್ಲಿ ಅದನ್ನು ಅಲ್ಲಿಗೆ ಕಳಿಸಿದ್ದು ಒಂದು ಕಾಲದಲ್ಲಿ ಆಕೆಯ ವಿರುದ್ಧ ತಿರುಗಿಬಿದ್ದಿದ್ದ ಮೊಂಟಾನಾ ರಾಜ್ಯವೇ. ಪೀಠದ ಮೇಲೆ ಕೆತ್ತಿಸಿರುವುದು 1917ರ ಆ ನಸುಕಿನಲ್ಲಿ ಆಕೆ ಎದ್ದು ನಿಂತು ಹೇಳಿದ ಮಾತು: ಯುದ್ಧಕ್ಕೆ ಮತ ಹಾಕಲಾರೆ.